ಕೆರೆಯ ಹೂಳಿನಲ್ಲಿ ಸೀಸಿಯಂ-137: ಜೇಡಿಗೆ ಅಂಟಿದ್ದು ಎಲ್ಲಿಯವರೆಗೆ ಅಂಟಿಕೊಂಡಿರುತ್ತದೆ?

ಏರಿಮೇಲಿನವ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ದಕ್ಷಿಣ ಭಾಗದ ಒಂದು ಕೆರೆಯ ಸಮಿತಿಯಲ್ಲಿದ್ದೇನೆ. ವೃತ್ತಿಯಿಂದ ಸಿವಿಲ್ ಎಂಜಿನಿಯರ್. ವಿಕಿರಣದ ವಿಷಯದಲ್ಲಿ ನನ್ನ ಓದು ಪಿಯುಸಿಯ ಭೌತಶಾಸ್ತ್ರದಲ್ಲೇ ನಿಂತಿದೆ. ಕಳೆದ ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ, ವರ್ಷಕ್ಕೆ ಎಷ್ಟು ಹೂಳು ತುಂಬುತ್ತಿದೆ ಎಂದು ತಿಳಿಯುವ ಆಸೆಯಿಂದ ಒಂದು ಚೀಲ ಕೆಸರನ್ನು ಪರಿಚಯದ ಪ್ರಯೋಗಾಲಯವೊಂದಕ್ಕೆ ಕಳುಹಿಸಿದ್ದೆವು. ಬಂದ ವರದಿಯಲ್ಲಿ ನಿಸರ್ಗದಲ್ಲೇ ಇರುವ ವಿಕಿರಣಶೀಲ ಪೊಟ್ಯಾಸಿಯಂ-40 ಒಣ ತೂಕದ ಕಿಲೋಗೆ ಕೆಲವು ನೂರು ಬೆಕೆರೆಲ್ (ವಿಕಿರಣಶೀಲತೆಯ ಅಳತೆ, ಸೆಕೆಂಡಿಗೆ ಒಂದು ವಿಘಟನೆ) ಎಂದೂ ಸೀಸಿಯಂ-137 ಕಿಲೋಗೆ ಒಂದೆರಡು ಬೆಕೆರೆಲ್ ಎಂದೂ ಇತ್ತು. ಮೊದಲನೆಯ ಸಾಲನ್ನು ಯಾರೂ ಓದಲಿಲ್ಲ. ಎರಡನೆಯ ಸಾಲಿನ ಚಿತ್ರ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹೋಗಿ, ಸಂಜೆಯ ಹೊತ್ತಿಗೆ ‘ಕೈಗಾದ ವಿಷ ನಮ್ಮ ಕೆರೆಗೆ ಬಂದಿದೆ’ ಎಂಬ ರೂಪ ತಾಳಿತ್ತು.

ಇದು ಎಲ್ಲಿಂದ ಬಂತು ಎಂಬುದು ನನ್ನ ಮೊದಲ ಪ್ರಶ್ನೆ. ಆದರೆ ನಿಜವಾಗಿ ನನ್ನನ್ನು ಕಾಡುತ್ತಿರುವುದು ಎರಡನೆಯದು. ನಮ್ಮ ಕೆರೆಯ ಕೋಡಿಯಿಂದ ಹೊರಟ ನೀರು ರಾಜಕಾಲುವೆ ಹಿಡಿದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಸೇರುತ್ತದೆ. ಇಂಥ ವಸ್ತು ಹೂಳಿನೊಡನೆ ಪಯಣಿಸುವುದಾದರೆ ಎಷ್ಟು ದೂರ ಹೋಗುತ್ತದೆ? ಸಮಿತಿಯಲ್ಲಿ ಇಬ್ಬರು ಓದಿಕೊಂಡವರಿದ್ದಾರೆ. ಸೀಸಿಯಂ ಜೇಡಿಮಣ್ಣಿಗೆ ಶಾಶ್ವತವಾಗಿ ಅಂಟುತ್ತದೆ, ಆದ್ದರಿಂದ ನೀರಿಗೆ ಬಿಡುವ ಮಾತೇ ಇಲ್ಲ ಎಂದು ಒಬ್ಬರು ಹೇಳುತ್ತಾರೆ. ಉಪ್ಪುನೀರು ತಗುಲಿದೊಡನೆ ಎಲ್ಲವೂ ಬಿಟ್ಟುಕೊಳ್ಳುತ್ತದೆ ಎಂದು ಇನ್ನೊಬ್ಬರು. ಇಬ್ಬರೂ ತಾವು ಓದಿದ್ದನ್ನೇ ಹೇಳುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದು ಮಾತ್ರ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಮಲ್ಲೇಶ್ವರದ ಮೇಷ್ಟ್ರು ಉತ್ತರಿಸಿದ್ದಾರೆ:

ಮೊದಲು ವಾಟ್ಸ್ಆ್ಯಪ್ ಗುಂಪಿನ ಭಯವನ್ನು ಮುಗಿಸಿಬಿಡೋಣ. ಕಿಲೋಗೆ ಒಂದೆರಡು ಬೆಕೆರೆಲ್ ಸೀಸಿಯಂ-137 ನಿಮ್ಮ ಕೆರೆಯಲ್ಲಿ ಮಾತ್ರವಲ್ಲ, ಮಳೆ ಬಿದ್ದ ಯಾವ ಹಳೆಯ ಮೇಲ್ಮಣ್ಣಿನಲ್ಲಿಯೂ ಸಿಗಬಹುದಾದ ಪ್ರಮಾಣ. ವಯಸ್ಕ ಮನುಷ್ಯನ ದೇಹದಲ್ಲಿಯೇ ಪೊಟ್ಯಾಸಿಯಂ-40 ಸುಮಾರು 4,000 ಬೆಕೆರೆಲ್‌ನಷ್ಟು ಇರುತ್ತದೆ. ವರದಿಯನ್ನು ಹಂಚಿದವರ ಒಳಗೂ ಅಷ್ಟೇ ಇದೆ ಎಂದು ಅವರಿಗೆ ತಿಳಿಸಬಹುದು. ಸಮಾಧಾನವಾಗುತ್ತದೆಯೋ ಗಾಬರಿ ಹೆಚ್ಚುತ್ತದೆಯೋ ನಾನು ಹೇಳಲಾರೆ.

ಇದು ಬಂದದ್ದು ವಾತಾವರಣದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ. 1950ರ ದಶಕದಲ್ಲಿ ಮತ್ತು ವಿಶೇಷವಾಗಿ 1961-62ರಲ್ಲಿ ಅಮೆರಿಕ ಹಾಗೂ ಸೋವಿಯತ್ ಒಕ್ಕೂಟ ಸಿಡಿಸಿದ ಬಾಂಬುಗಳ ಧೂಳು ಮೇಲಿನ ವಾಯುಪದರಕ್ಕೆ ಏರಿ, ಭೂಮಿಯನ್ನೆಲ್ಲ ಸುತ್ತಿ, ಮಳೆಯೊಡನೆ ಕೆಳಗಿಳಿಯಿತು. ಉತ್ತರ ಗೋಳಾರ್ಧದಲ್ಲಿ ಆ ಬೀಳುಧೂಳು ಅತಿ ಹೆಚ್ಚಾಗಿದ್ದುದು 1963ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದವಾಯಿತು. ಸೀಸಿಯಂ-137ರ ಅರ್ಧಾಯು, ಅಂದರೆ ಇರುವುದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 30 ವರ್ಷ. ಅಂದಿನಿಂದ ಎರಡು ಅರ್ಧಾಯುಗಳು ಕಳೆದಿರುವುದರಿಂದ ಅಂದು ಬಿದ್ದದ್ದರ ಕಾಲುಭಾಗದಷ್ಟು ಇಂದಿಗೂ ಉಳಿದಿದೆ. ಮೇಲ್ಮಣ್ಣು ಕೊಚ್ಚಿ ಕೆರೆಗೆ ಬಂದಾಗ ಇದೂ ಅದರ ಜೊತೆಗೆ ಬರುತ್ತದೆ.

ಕೈಗಾದ ವಿಷಯಕ್ಕೆ ಬಂದರೆ, ಅಲ್ಲಿಯ ಮೊದಲ ಘಟಕ ವಾಣಿಜ್ಯ ವಿದ್ಯುತ್ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಅದರ ಪಕ್ಕದ ಕಾಳಿ ನದಿ ಪಶ್ಚಿಮಕ್ಕೆ ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಘಟ್ಟ ಹತ್ತಿ ವೃಷಭಾವತಿಗೆ ಬರುವ ದಾರಿ ಯಾವ ನೀರಿಗೂ ಇಲ್ಲ. ಗಾಳಿಯಲ್ಲಿ ಬಂದಿರಬಹುದಲ್ಲ ಎಂದು ಯಾರಾದರೂ ವಾದಿಸಿದರೆ ಅದಕ್ಕೂ ಪರೀಕ್ಷೆಯಿದೆ. ರಿಯಾಕ್ಟರಿನೊಳಗೆ ಹುಟ್ಟುವ ಸೀಸಿಯಂನಲ್ಲಿ 137ರ ಜೊತೆಗೆ 134 ಎಂಬ ಸಮಸ್ಥಾನಿಯೂ (ಅದೇ ಧಾತುವಿನ ಬೇರೆ ತೂಕದ ರೂಪ) ಇರುತ್ತದೆ. ಅದರ ಅರ್ಧಾಯು ಸುಮಾರು ಎರಡೇ ವರ್ಷ. ಚೆರ್ನೋಬಿಲ್‌ನಿಂದ ಹೊರಬಿದ್ದಾಗ 137ಕ್ಕೆ ಹೋಲಿಸಿದರೆ 134 ಅರ್ಧದಷ್ಟಿತ್ತು, ಫುಕುಶಿಮಾದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮವಾಗಿದ್ದವು. ಬಾಂಬಿನ ಧೂಳಿನಲ್ಲಿ 134 ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ವರದಿಯಲ್ಲಿ 134ರ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಪ್ರಯೋಗಾಲಯದವರನ್ನು ಕೇಳಿ.

ಇನ್ನು ಅಂಟುವ ಪ್ರಶ್ನೆ. ಸೀಸಿಯಂ ಜೇಡಿಗೆ ಅಂಟುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಗೊಂದಲ ಹುಟ್ಟುತ್ತದೆ, ಏಕೆಂದರೆ ಅಂಟುವ ಜಾಗಗಳು ಒಂದೇ ಬಗೆಯವಲ್ಲ. ಜೇಡಿಯ ಕಣವನ್ನು ತೆಳುವಾದ ಹಾಳೆಗಳ ಕಟ್ಟು ಎಂದು ಊಹಿಸಿಕೊಳ್ಳಿ. ಹಾಳೆಗಳ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶವಿರುತ್ತದೆ. ಅಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೀಸಿಯಂ ಯಾವ ಧನ ಅಯಾನು ಬೇಕಾದರೂ ಬಂದು ಕೂರಬಹುದು, ಇನ್ನೊಂದು ಬಂದು ತಳ್ಳಿದರೆ ಎದ್ದು ಹೋಗಬಹುದು. ಇದು ಸಿಟಿ ಬಸ್ಸಿನ ಸೀಟು. ಆದರೆ ಅಭ್ರಕದ ಜಾತಿಗೆ ಸೇರಿದ ಇಲ್ಲೈಟ್ ಎಂಬ ಜೇಡಿಯಲ್ಲಿ ಹಾಳೆಗಳ ಅಂಚುಗಳು ಸವೆದು, ಹಳೆಯ ಪುಸ್ತಕದ ಅಂಚಿನಂತೆ ಸ್ವಲ್ಪ ಬಿಚ್ಚಿಕೊಂಡಿರುತ್ತವೆ. ಆ ಬೆಣೆಯಾಕಾರದ ಸಂದಿಗೆ ಕ್ಯಾಲ್ಸಿಯಂ, ಸೋಡಿಯಂ ನುಗ್ಗಲಾರವು. ಅವು ತಮ್ಮ ಸುತ್ತ ನೀರಿನ ಅಣುಗಳ ದಪ್ಪ ಕವಚವನ್ನು ಹೊತ್ತಿರುತ್ತವೆ. ಸೀಸಿಯಂಗೆ ಆ ಕವಚವನ್ನು ಕಳಚುವುದು ಸುಲಭ. ಅದು ಒಳಗೆ ಸೇರುತ್ತದೆ, ಕಾಲಕ್ರಮದಲ್ಲಿ ಹಾಳೆಗಳು ಅದರ ಮೇಲೆ ಮುಚ್ಚಿಕೊಳ್ಳುತ್ತವೆ. ಅಲ್ಲಿಂದ ಅದನ್ನು ಹೊರಡಿಸುವುದು ಬಹಳ ಕಷ್ಟ. ಬೆಂಗಳೂರಿನ ಕೆಂಪುಮಣ್ಣಿನಲ್ಲಿ ಹೆಚ್ಚಾಗಿರುವುದು ಕೇಯೊಲಿನೈಟ್. ಅದರಲ್ಲಿ ಇಂಥ ಸಂದಿಗಳಿಲ್ಲ. ಆದರೂ ಮಣ್ಣಿನಲ್ಲಿ ಸ್ವಲ್ಪವೇ ಇಲ್ಲೈಟ್ ಅಥವಾ ಸವೆದ ಅಭ್ರಕವಿದ್ದರೆ ಸಾಕು, ಇಷ್ಟು ಅತ್ಯಲ್ಪ ಸೀಸಿಯಂ ಅನ್ನು ಹಿಡಿದುಕೊಳ್ಳಲು ಅದೇ ಮುಂದಾಗುತ್ತದೆ.

ಆ ಸಂದಿಯೊಳಗೆ ಸೀಸಿಯಂಗೆ ಪೈಪೋಟಿ ನೀಡಬಲ್ಲವು ಮುಖ್ಯವಾಗಿ ಎರಡು: ಪೊಟ್ಯಾಸಿಯಂ ಮತ್ತು ಅಮೋನಿಯಂ. ಸಮುದ್ರದಲ್ಲಿ ಮೊದಲನೆಯದು ಧಾರಾಳವಾಗಿದೆ. ನಮ್ಮ ಕೆರೆಗಳಲ್ಲಿ ಎರಡನೆಯದಕ್ಕೆ ಕೊರತೆಯೇ ಇಲ್ಲ, ಒಳಚರಂಡಿಯ ಕೃಪೆಯಿಂದ. ತಳದ ಕೆಸರಿನಲ್ಲಿ ಆಮ್ಲಜನಕ ಮುಗಿದು ಅಮೋನಿಯಂ ಶೇಖರವಾದಾಗ ಒಂದಿಷ್ಟು ಸೀಸಿಯಂ ಕೆಸರಿನಿಂದ ಮೇಲಿನ ನೀರಿಗೆ ಬರುವುದನ್ನು ಹೊರದೇಶದ ಸರೋವರಗಳಲ್ಲಿ ಬೇಸಿಗೆ ಬೇಸಿಗೆಗೂ ಅಳೆದಿದ್ದಾರೆ. ಹಾಗಾಗಿ ‘ಶಾಶ್ವತವಾಗಿ’ ಎಂಬ ಪದವನ್ನು ನಿಮ್ಮ ಮೊದಲ ಸದಸ್ಯರು ಹಿಂತೆಗೆದುಕೊಳ್ಳುವುದು ಒಳ್ಳೆಯದು. ಎರಡನೆಯವರು ‘ಎಲ್ಲವೂ’ ಎಂಬುದನ್ನು.

ಹೂಳುಲೆಕ್ಕ ಉತ್ತರಿಸಿದ್ದಾರೆ:

ಮೇಷ್ಟ್ರು ರಸಾಯನವನ್ನು ಹೇಳಿದ್ದಾರೆ. ನಾನು ಜಲಾಶಯಗಳ ಹೂಳಿನ ಲೆಕ್ಕ ಮಾಡಿ ನಿವೃತ್ತನಾದವನು, ಹರಿವಿನ ಕಡೆಯಿಂದ ಹೇಳುತ್ತೇನೆ.

ನಮ್ಮವರು ಬಳಸುವ ಒಂದು ಸಂಖ್ಯೆಯಿದೆ, ವಿತರಣಾ ಗುಣಾಂಕ ಎನ್ನುತ್ತೇವೆ. ಒಂದು ಕಿಲೋ ಕಣದಲ್ಲಿರುವ ವಸ್ತುವನ್ನು ಒಂದು ಲೀಟರ್ ನೀರಿನಲ್ಲಿ ಕರಗಿರುವ ಅದೇ ವಸ್ತುವಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಸಿಹಿನೀರಿನಲ್ಲಿ ಸೀಸಿಯಂಗೆ ಇದು ಸಾವಿರಗಳಿಂದ ಲಕ್ಷದವರೆಗೂ ಇರುತ್ತದೆ. ಲೆಕ್ಕಕ್ಕೆ 50,000 ಎಂದು ಇಟ್ಟುಕೊಳ್ಳಿ. ಮಳೆಯಿಲ್ಲದ ದಿನ ನದಿಯ ಒಂದು ಲೀಟರ್ ನೀರಿನಲ್ಲಿ 50 ಮಿಲಿಗ್ರಾಂ ಕಣಗಳು ತೇಲುತ್ತಿದ್ದರೆ, ಹರಿಯುವ ಸೀಸಿಯಂನಲ್ಲಿ ಶೇ. 70ರಷ್ಟು ಕಣದ ಮೇಲಿರುತ್ತದೆ, ಉಳಿದದ್ದು ನೀರಿನಲ್ಲಿ. ಅದೇ ನದಿ ಪ್ರವಾಹದಲ್ಲಿ ಕೆಂಪಾಗಿ ಲೀಟರಿಗೆ ಎರಡು ಗ್ರಾಂ ಮಣ್ಣು ಹೊತ್ತರೆ ಕಣದ ಮೇಲಿನ ಪಾಲು ಶೇ. 99. ಗುಣಾಂಕ ಬದಲಾಗಿಲ್ಲ, ಮಣ್ಣು ಹೆಚ್ಚಾಗಿದೆ ಅಷ್ಟೇ. ಹರಿವೂ ಆ ದಿನ ಹತ್ತಾರು ಪಟ್ಟು ಹೆಚ್ಚಿರುತ್ತದೆ ಎಂಬುದನ್ನು ಸೇರಿಸಿದರೆ, ವರ್ಷವಿಡೀ ಸಾಗುವ ಸೀಸಿಯಂನಲ್ಲಿ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಸಾಗಿಬಿಡುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಫುಕುಶಿಮಾ ಅಪಘಾತದ ಬಳಿಕ ಅಲ್ಲಿಯ ಅಬುಕುಮಾ ನದಿಯಲ್ಲಿ ಇದನ್ನೇ ಕಂಡರು. 2011ರ ಸೆಪ್ಟೆಂಬರ್‌ನಲ್ಲಿ ರೋಕ್ ಚಂಡಮಾರುತ ಬಂದಾಗ, ಅಳತೆ ನಡೆದ ತಿಂಗಳುಗಳಲ್ಲಿ ಸಾಗಿದ ಒಟ್ಟು ಸೀಸಿಯಂನ ಅರ್ಧಕ್ಕಿಂತ ಹೆಚ್ಚು ಪಾಲು ಆ ಒಂದು ಮಳೆಯ ಆಸುಪಾಸಿನ ದಿನಗಳಲ್ಲೇ ಹೋಯಿತು, ಅದರಲ್ಲಿಯೂ ಬಹುತೇಕ ಕಣಗಳ ಮೇಲೆಯೇ.

ಇಲ್ಲಿ ಒಂದು ಅಸಮಾಧಾನವನ್ನು ಹೇಳಿಕೊಳ್ಳಬೇಕು. ತಿಂಗಳಿಗೊಮ್ಮೆ, ಅದೂ ಕಚೇರಿಯ ಸಮಯದಲ್ಲಿ, ಸೇತುವೆಯ ಮೇಲೆ ಜೀಪು ನಿಲ್ಲಿಸಿ, ಒಂದು ಬಾಟಲಿ ತಿಳಿನೀರು ತುಂಬಿಸಿ, ಶೋಧಿಸಿ, ಮಣ್ಣನ್ನು ಚೆಲ್ಲಿ, ನೀರನ್ನು ಪರೀಕ್ಷೆಗೆ ಕಳುಹಿಸುವ ಪದ್ಧತಿಯನ್ನು ನಾನು ಸೇವೆಯಲ್ಲಿದ್ದಾಗ ಹಲವೆಡೆ ನೋಡಿದ್ದೇನೆ. ಸೀಸಿಯಂನಂಥ ವಸ್ತುವಿಗೆ ಇದು ಧಾನ್ಯವನ್ನು ಚೆಲ್ಲಿ ಹೊಟ್ಟು ಅಳೆದಂತೆ. ಚೆಲ್ಲಿದ ಮಣ್ಣಿನಲ್ಲೇ ಲೆಕ್ಕವೆಲ್ಲ ಇರುತ್ತದೆ. ಪ್ರವಾಹದ ರಾತ್ರಿ ಯಾರೂ ಸೇತುವೆಯ ಮೇಲೆ ಇರುವುದಿಲ್ಲ.

ಕಣದ ಗಾತ್ರವೂ ಮುಖ್ಯ. ಒಂದೇ ತೂಕದ ಮರಳಿಗಿಂತ ಜೇಡಿಗೆ ಮೇಲ್ಮೈ ಎಷ್ಟೋ ಪಟ್ಟು ಹೆಚ್ಚು, ಮೇಷ್ಟ್ರು ಹೇಳಿದ ಸಂದಿಗಳಿರುವುದೂ ಅಲ್ಲಿಯೇ. ನದಿಯ ತಳದಲ್ಲಿ ಉರುಳುವ ಮರಳಿನಲ್ಲಿ ಏನೂ ಇಲ್ಲದಿದ್ದಾಗ ಪಕ್ಕದ ಹಿನ್ನೀರಿನ ನಯವಾದ ಕೆಸರಿನಲ್ಲಿ ಸಾಕಷ್ಟು ಇರಬಹುದು. ಎರಡು ಕಡೆಯ ಮಾದರಿಗಳನ್ನು ಹೋಲಿಸುವಾಗ ಕಣದ ಗಾತ್ರವನ್ನು ಅಳೆಯದೆ ‘ಇಲ್ಲಿ ಹೆಚ್ಚು, ಅಲ್ಲಿ ಕಡಿಮೆ’ ಎಂದರೆ ಅದು ಮಾಲಿನ್ಯದ ಹೋಲಿಕೆಯಲ್ಲ, ಮಣ್ಣಿನ ಹೋಲಿಕೆ.

ಜೇಡಿ ಎಲ್ಲಿ ನಿಲ್ಲುತ್ತದೆಯೋ ಸೀಸಿಯಂ ಅಲ್ಲಿ ನಿಲ್ಲುತ್ತದೆ. ಹಾಗೆ ನಿಲ್ಲಿಸುವುದು ಅಣೆಕಟ್ಟು. 1986ರ ಚೆರ್ನೋಬಿಲ್ ಅಪಘಾತದ ಬಳಿಕ ಪ್ರಿಪ್ಯಾತ್ ನದಿಯಿಂದ ನೀಪರ್ ನದಿಗೆ ಇಳಿದ ಸೀಸಿಯಂನ ಹೆಚ್ಚಿನ ಭಾಗ ಸಾಲು ಜಲಾಶಯಗಳ ತಳದಲ್ಲಿ, ಮುಖ್ಯವಾಗಿ ಮೊದಲನೆಯದಾದ ಕೀವ್ ಜಲಾಶಯದಲ್ಲಿ ಕೂತುಬಿಟ್ಟಿತು. ಅದೇ ಅಪಘಾತದ ಸ್ಟ್ರಾನ್ಷಿಯಂ-90 ಮಾತ್ರ ಜಲಾಶಯದಿಂದ ಜಲಾಶಯಕ್ಕೆ ದಾಟುತ್ತಾ ಕಪ್ಪು ಸಮುದ್ರದವರೆಗೂ ನಡೆಯಿತು. ಅದು ಕ್ಯಾಲ್ಸಿಯಂನ ಗುಣದ್ದು. ಮೇಷ್ಟ್ರ ಉಪಮೆಯಲ್ಲಿ ಹೇಳುವುದಾದರೆ ಅದಕ್ಕೆ ಸಿಗುವುದು ಸಿಟಿ ಬಸ್ಸಿನ ಸೀಟು ಮಾತ್ರ. 1991ರ ಚಳಿಗಾಲದಲ್ಲಿ ಪ್ರಿಪ್ಯಾತ್‌ನಲ್ಲಿ ಹಿಮಗಡ್ಡೆ ಸಿಕ್ಕಿಕೊಂಡು ನೀರು ಬಯಲಿಗೆ ಏರಿದಾಗ ನದಿಯಲ್ಲಿ ಜಿಗಿದದ್ದು ಸ್ಟ್ರಾನ್ಷಿಯಂ. ನೆನೆದ ಬಯಲು ಅದನ್ನು ಕರಗಿಸಿ ಕೊಟ್ಟಿತು. ಆ ಮೇಲೆ ಎಡದಂಡೆಗೆ ಒಡ್ಡು ಕಟ್ಟಿದರು. ಒಂದೇ ನದಿ, ಒಂದೇ ಅಪಘಾತ, ಎರಡು ಧಾತುಗಳಿಗೆ ಎರಡು ದಾರಿ. ‘ವಿಕಿರಣಶೀಲ ಮಾಲಿನ್ಯ’ ಎಂದು ಒಟ್ಟಾಗಿ ಮಾತನಾಡುವವರಿಗೆ ನಾನು ಯಾವಾಗಲೂ ಇದನ್ನೇ ತೋರಿಸುತ್ತೇನೆ.

ಆದರೆ ಅಣೆಕಟ್ಟಿನ ತಳವನ್ನು ಖಜಾನೆ ಎಂದು ನಂಬಿ ಕೂರುವಂತಿಲ್ಲ. ಅಮೆರಿಕದ ಟೆನೆಸೀಯಲ್ಲಿ, ಓಕ್ ರಿಡ್ಜ್ ಅಣುಕೇಂದ್ರದ ತ್ಯಾಜ್ಯ ಇಳಿಯುತ್ತಿದ್ದ ವೈಟ್ ಓಕ್ ಕೆರೆಯನ್ನು 1955ರಲ್ಲಿ ಖಾಲಿ ಮಾಡಿದರು. ತಳ ಬಯಲಾಯಿತು, ಮುಂದಿನ ಮಳೆಗಳು ಆ ಕೆಸರನ್ನು ಕೊರೆದು ಕ್ಲಿಂಚ್ ನದಿಗೆ ಒಯ್ದವು. ಕೆಳಗಿನ ವಾಟ್ಸ್ ಬಾರ್ ಜಲಾಶಯದ ಹೂಳಿನಲ್ಲಿ 1956ರ ಪದರ ಇಂದಿಗೂ ಸೀಸಿಯಂನ ಶಿಖರವಾಗಿ ಕಾಣುತ್ತದೆ. ಕೆರೆ ಖಾಲಿ ಮಾಡುವ, ಹೂಳೆತ್ತುವ ಸಮಿತಿಗಳು ನೆನಪಿಡಬೇಕಾದ ಉದಾಹರಣೆ ಇದು. ನಿಮ್ಮಲ್ಲಿ ಸೀಸಿಯಂ ಲೆಕ್ಕಕ್ಕಿಲ್ಲ ನಿಜ, ಆದರೆ ಬೆಂಗಳೂರಿನ ಕೈಗಾರಿಕೆಗಳ ಸೀಸ, ಕ್ರೋಮಿಯಂ ಕೂಡ ಇದೇ ಜೇಡಿಯನ್ನು ಹಿಡಿದೇ ಸಾಗುವಂಥವು. ಎತ್ತಿದ ಹೂಳನ್ನು ಏರಿಯ ಆಚೆಗೆ ಸುರಿದು ಮಳೆಗೆ ಬಿಟ್ಟರೆ ಅದು ರಾಜಕಾಲುವೆಗೇ ಮರಳುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ನಿಮ್ಮ ಕೆರೆಯ ಜೇಡಿ ಬೈರಮಂಗಲ ಕೆರೆಯನ್ನು ದಾಟಿ ಅರ್ಕಾವತಿ ಸೇರಿದರೂ ಕಾವೇರಿಯಲ್ಲಿ ಮೆಟ್ಟೂರು ಜಲಾಶಯ ಕಾದಿದೆ. 1934ರಿಂದ ಅದು ಮೇಲಿನಿಂದ ಬಂದ ಹೂಳನ್ನು ಹಿಡಿಯುತ್ತಲೇ ಇದೆ. ಕೊಲ್ಲಿಯನ್ನು ತಲುಪುವ ಭಾಗ ಬಹಳ ಸಣ್ಣದು.

ಹೊಸಕೆರೆಹಳ್ಳಿ ಉತ್ತರಿಸಿದ್ದಾರೆ:

ಇಬ್ಬರ ಉತ್ತರವೂ ಚೆನ್ನಾಗಿದೆ, ಆದರೆ ನನಗೊಂದು ಸಂದೇಹ. ಹೇಗೋ ಏನೋ ಅಣೆಕಟ್ಟುಗಳನ್ನು ದಾಟಿ ಸಮುದ್ರ ಸೇರಿತು ಎಂದುಕೊಳ್ಳೋಣ. ಸಮುದ್ರದಲ್ಲಿ ಅದೆಷ್ಟು ನೀರಿದೆ! ಅಲ್ಲಿ ಸೇರಿದ ಮೇಲೆ ಕಥೆ ಮುಗಿಯಿತಲ್ಲವೇ? ನದಿಯ ಮಾಲಿನ್ಯಕ್ಕೆಲ್ಲ ಕೊನೆಗೆ ಸಮುದ್ರವೇ ಪರಿಹಾರ ಎಂದು ಓದಿದ ನೆನಪು.

ಅಳಿವೆಬಾಗಿಲು ಉತ್ತರಿಸಿದ್ದಾರೆ:

ಹೊಸಕೆರೆಹಳ್ಳಿಯವರ ಸಂದೇಹದಲ್ಲಿರುವ ನಂಬಿಕೆಯ ಮೇಲೆಯೇ ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಅಣು ಇಂಧನ ಮರುಸಂಸ್ಕರಣಾ ಕೇಂದ್ರ ದಶಕಗಳ ಕಾಲ ತನ್ನ ದ್ರವ ತ್ಯಾಜ್ಯವನ್ನು ಕೊಳವೆಯ ಮೂಲಕ ಐರಿಷ್ ಸಮುದ್ರಕ್ಕೆ ಬಿಟ್ಟಿತು. ಅದರ ಪರಿಣಾಮವನ್ನು ಹೇಳುವ ಮುನ್ನ ನನ್ನ ಪರಿಚಯ ಎರಡು ಮಾತಿನಲ್ಲಿ: ನನ್ನ ಊರು ಕುಮಟಾ, ಓದಿದ್ದು ಸಾಗರವಿಜ್ಞಾನ, ಈಗ ಇರುವುದು ರಾಜರಾಜೇಶ್ವರಿ ನಗರದಲ್ಲಿ. ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಜೀವಿ) ಹೆಕ್ಕುವುದನ್ನು ನೋಡುತ್ತ ಬೆಳೆದವಳಾದ್ದರಿಂದ, ನದಿ ಸಮುದ್ರವನ್ನು ‘ಸೇರುತ್ತದೆ’ ಎಂಬ ಮಾತೇ ನನಗೆ ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ. ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ಸಮುದ್ರವೇ ನದಿಯೊಳಕ್ಕೆ ಬರುತ್ತದೆ.

ಸಿಹಿನೀರಿನಲ್ಲಿ ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಎಲ್ಲಕ್ಕೂ ಋಣ ಆವೇಶವಿರುವುದರಿಂದ. ನೀರಿಗೆ ಉಪ್ಪು ಸೇರಿದೊಡನೆ ಆ ವಿಕರ್ಷಣೆ ಕುಗ್ಗುತ್ತದೆ, ಕಣಗಳು ಹತ್ತಿಯ ಉಂಡೆಗಳಂತೆ ಕೂಡಿಕೊಂಡು ಬೇಗ ಬೇಗ ಕೆಳಗಿಳಿಯುತ್ತವೆ. ಇದಕ್ಕೆ ಸಮುದ್ರದಷ್ಟು ಉಪ್ಪು ಬೇಕಾಗಿಲ್ಲ, ಸಾವಿರಕ್ಕೆ ಕೆಲವು ಭಾಗ ಸಾಕು. ಇಳಿದ ಕೆಸರು ಸಾಮಾನ್ಯವಾಗಿ ಸಮುದ್ರದ ಕಡೆಗೆ ಹೋಗುವುದಿಲ್ಲ. ಅಳಿವೆಯಲ್ಲಿ ಹಗುರವಾದ ಸಿಹಿನೀರು ಮೇಲೆ ಹೊರಕ್ಕೂ, ಭಾರವಾದ ಉಪ್ಪುನೀರು ಕೆಳಗೆ ಒಳಕ್ಕೂ ಸರಿಯುತ್ತಿರುತ್ತದೆ. ಕೆಳಗಿಳಿದ ಕೆಸರು ಒಳಮುಖದ ಹರಿವಿಗೆ ಸಿಕ್ಕಿ ಮತ್ತೆ ಮೇಲ್ದಂಡೆಗೆ ಬರುತ್ತದೆ. ಅದರ ಜೊತೆಗೆ ಅನೇಕ ಅಳಿವೆಗಳಲ್ಲಿ ಉಬ್ಬರ ಕಡಿಮೆ ಹೊತ್ತಿನಲ್ಲಿ ರಭಸವಾಗಿ ಏರಿ, ಇಳಿತ ನಿಧಾನವಾಗಿ ಹೆಚ್ಚು ಹೊತ್ತು ಇಳಿಯುತ್ತದೆ. ರಭಸದ ಉಬ್ಬರ ಎತ್ತಿ ತಂದ ಕೆಸರನ್ನೆಲ್ಲ ನಿಧಾನದ ಇಳಿತ ಹಿಂದಕ್ಕೆ ಒಯ್ಯಲಾರದು. ಹೀಗೆ ಉಪ್ಪುನೀರಿನ ತುದಿಯ ಆಸುಪಾಸಿನಲ್ಲಿ ಸದಾ ಕದಡಿದ ಒಂದು ವಲಯ ಉಂಟಾಗುತ್ತದೆ. ನದಿಯಿಂದ ಬಂದ ಜೇಡಿಯ ಕಣವೊಂದು ಅಲ್ಲಿ ತಿಂಗಳುಗಟ್ಟಲೆ ಏರುತ್ತ ಇಳಿಯುತ್ತ ಇರಬಹುದು, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆಯೋ ಗಜನಿಯ (ಅಳಿವೆಯ ಪಕ್ಕದ ಉಪ್ಪುನೀರಿನ ಗದ್ದೆಯ) ಬದುವಿನ ಒಳಗೋ ನೆಲೆಗೊಳ್ಳಲೂಬಹುದು. ಪಶ್ಚಿಮ ಕರಾವಳಿಯಲ್ಲಿ ಇದಕ್ಕೆ ಋತುವಿನ ಕಟ್ಟಳೆಯೂ ಇದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಹವು ಉಪ್ಪುನೀರನ್ನು ಬಾಯಿಯ ಆಚೆಗೆ ದೂಡಿ ಕೆಸರನ್ನು ನೇರವಾಗಿ ಕಡಲಿಗೆ ಹಾಕುತ್ತದೆ, ಉಳಿದ ತಿಂಗಳುಗಳಲ್ಲಿ ಉಬ್ಬರ ಅದರಲ್ಲಿ ಒಂದು ಪಾಲನ್ನು ಹಿಂದಕ್ಕೆ ತರುತ್ತದೆ.

ಇದೇ ವಲಯದಲ್ಲಿ ಮೇಷ್ಟ್ರು ಹೇಳಿದ ಪೈಪೋಟಿಯೂ ನಡೆಯುತ್ತದೆ. ನದಿಯ ನೀರಿನಲ್ಲಿ ಪೊಟ್ಯಾಸಿಯಂ ಲೀಟರಿಗೆ ಕೆಲವೇ ಮಿಲಿಗ್ರಾಂ. ಸಮುದ್ರದಲ್ಲಿ ಸುಮಾರು 400 ಮಿಲಿಗ್ರಾಂ, ಅದರ ಮೇಲೆ ಸೋಡಿಯಂ 10 ಗ್ರಾಂಗೂ ಹೆಚ್ಚು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2004ರಲ್ಲಿ ಕರಾವಳಿ ಸಮುದ್ರಗಳಿಗೆ ಸೂಚಿಸಿದ ವಿತರಣಾ ಗುಣಾಂಕ ಸೀಸಿಯಂಗೆ 4,000, ಸ್ಟ್ರಾನ್ಷಿಯಂಗೆ ಬರೀ 8, ಪ್ಲುಟೋನಿಯಂಗೆ 1,00,000. ಹೂಳುಲೆಕ್ಕ ಸರ್ ಅವರ ಲೆಕ್ಕವನ್ನೇ ಮುಂದುವರಿಸಿದರೆ, ಲೀಟರಿಗೆ 50 ಮಿಲಿಗ್ರಾಂ ಕೆಸರಿರುವ ಸಮುದ್ರದ ನೀರಿನಲ್ಲಿ ಕಣದ ಮೇಲಿರುವ ಸೀಸಿಯಂ ಶೇ. 70ರಿಂದ ಶೇ. 17ಕ್ಕೆ ಇಳಿಯಬೇಕು. ನಿಮ್ಮ ಸಮಿತಿಯ ಎರಡನೆಯ ಸದಸ್ಯರು ಓದಿರುವುದು ಇದನ್ನೇ ಇರಬೇಕು. ಆದರೆ ಈ ಲೆಕ್ಕ ಹಿಡಿಯುವುದು, ಕಣದಲ್ಲಿರುವ ಸೀಸಿಯಂ ಎಲ್ಲವೂ ಬಿಡಲು ಸಿದ್ಧವಿದ್ದರೆ ಮತ್ತು ಅದಕ್ಕೆ ಸಾಕಷ್ಟು ಸಮಯ ಸಿಕ್ಕರೆ ಮಾತ್ರ. ನಿನ್ನೆ ಅಂಟಿದ ಸೀಸಿಯಂ ಬಹುಶಃ ಬಿಡುತ್ತದೆ. ಇಲ್ಲೈಟ್‌ನ ಸಂದಿಯಲ್ಲಿ ದಶಕಗಳಿಂದ ಮುಚ್ಚಿಕೊಂಡಿರುವುದು ಬಿಡುವುದು ಅಲ್ಪವೇ. ಅಂಟಿ ಎಷ್ಟು ಕಾಲವಾಯಿತು ಎಂಬುದನ್ನು ಕೇಳದೆ ಬಿಡುತ್ತದೆಯೇ ಇಲ್ಲವೇ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ನಿಮ್ಮ ಇಬ್ಬರು ಸದಸ್ಯರ ಜಗಳ ಇಲ್ಲಿಗೆ ಮುಗಿಯುತ್ತದೆ ಎಂದುಕೊಳ್ಳುತ್ತೇನೆ.

ಈಗ ಸೆಲ್ಲಾಫೀಲ್ಡ್. ಅಲ್ಲಿಂದ ಸಮುದ್ರಕ್ಕೆ ಹೋದ ಸೀಸಿಯಂ-137 ಅತಿ ಹೆಚ್ಚಾದದ್ದು 1975ರಲ್ಲಿ, ಆ ಒಂದೇ ವರ್ಷದಲ್ಲಿ ಸುಮಾರು 5,200 ಟೆರಾಬೆಕೆರೆಲ್ (ಒಂದು ಟೆರಾ ಎಂದರೆ ಲಕ್ಷ ಕೋಟಿ). ಅದರಲ್ಲಿ ಹೆಚ್ಚಿನದು ಕರಗಿದ ರೂಪದಲ್ಲಿ ಉತ್ತರಕ್ಕೆ ಸಾಗಿ ಸ್ಕಾಟ್ಲೆಂಡನ್ನು ಸುತ್ತಿ ಹೋಯಿತು. ಈ ಮಟ್ಟಿಗೆ ಹೊಸಕೆರೆಹಳ್ಳಿಯವರ ಊಹೆ ಸರಿ. ಆದರೆ ಸೀಸಿಯಂನ ಒಂದು ಪಾಲು, ಪ್ಲುಟೋನಿಯಂ ಮತ್ತು ಅಮೆರಿಸಿಯಂಗಳ ಬಹುಪಾಲು ತೀರದಿಂದ ಸ್ವಲ್ಪ ದೂರದ ಕೆಸರಿನ ಹಾಸಿನಲ್ಲಿ ಕೂತವು. ಅಲ್ಲಿಂದ ಅವು ಮನೆಗೆ ಮರಳಿದವು ಎಂದೇ ಹೇಳಬೇಕು. ಕೇಂದ್ರದಿಂದ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಎಸ್ಕ್, ಮೈಟ್, ಇರ್ಟ್ ಎಂಬ ಮೂರು ಪುಟ್ಟ ನದಿಗಳು ಕೂಡುವ ರೇವನ್‌ಗ್ಲಾಸ್ ಅಳಿವೆಯಿದೆ. ಆ ನದಿಗಳ ಮೇಲ್ಭಾಗದಲ್ಲಿ ಯಾವ ಅಣುಕೇಂದ್ರವೂ ಇಲ್ಲ. ಆದರೂ ಅಲ್ಲಿಯ ಜೌಗು ಹುಲ್ಲುಗಾವಲುಗಳ ಕೆಸರಿನಲ್ಲಿ ಸೀಸಿಯಂ, ಪ್ಲುಟೋನಿಯಂ, ಅಮೆರಿಸಿಯಂಗಳ ಪದರಗಳಿವೆ. ಎಲ್ಲವೂ ಕಡಲಿನಿಂದ ಉಬ್ಬರದೊಡನೆ ಒಳಬಂದ ಕೆಸರು. ಒಂದೊಂದು ಪದರವೂ ಕೊಳವೆಯಿಂದ ಆಯಾ ವರ್ಷಗಳಲ್ಲಿ ಹೊರಬಿದ್ದದ್ದರ ದಾಖಲೆಯಂತಿದೆ.

ಇನ್ನೂ ಒಂದು ತಿರುವಿದೆ. 1985ರಲ್ಲಿ ಹೊಸ ಶುದ್ಧೀಕರಣ ಘಟಕ ಬಂದು ಸೀಸಿಯಂ ವಿಸರ್ಜನೆ ಬಹಳ ಕಡಿಮೆಯಾಯಿತು. ನೀರು ಶುದ್ಧವಾಗುತ್ತ ಹೋದಂತೆ, ಮೊದಲು ನೀರಿನಿಂದ ಹೀರಿಕೊಂಡಿದ್ದ ಕೆಸರು ಈಗ ನೀರಿಗೆ ಬಿಡತೊಡಗಿತು. ಇಂದು ಐರಿಷ್ ಸಮುದ್ರದ ನೀರಿಗೆ ಸೀಸಿಯಂ ಮತ್ತು ಪ್ಲುಟೋನಿಯಂ ಬರುವ ಮುಖ್ಯ ಮೂಲ ಕೊಳವೆಯಲ್ಲ, ಸಮುದ್ರದ ತಳ. ಅಲೆ ಕದಡುತ್ತದೆ, ಮೀನುಬಲೆ ಉಜ್ಜುತ್ತದೆ, ಕೆಸರಿನಲ್ಲಿ ಬಿಲ ತೋಡುವ ಸಿಗಡಿಯ ಜಾತಿಯ ಜೀವಿಗಳು ಆಳದ ಮಣ್ಣನ್ನು ಮೇಲಕ್ಕೂ ಮೇಲಿನದನ್ನು ಆಳಕ್ಕೂ ಸಾಗಿಸುತ್ತವೆ. ಪ್ಲುಟೋನಿಯಂ-239ರ ಅರ್ಧಾಯು 24,000 ವರ್ಷಗಳಿಗೂ ಹೆಚ್ಚು. ಆದ್ದರಿಂದ ‘ಸಮುದ್ರ ಸೇರಿತು’ ಎಂಬಲ್ಲಿ ಈ ಕಥೆ ಮುಗಿಯುವುದಿಲ್ಲ.

ನಮ್ಮ ಕಾಳಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಊರಿನ ಕಡೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಕೈಗಾದವು ಭಾರಜಲದ ರಿಯಾಕ್ಟರುಗಳು. ಅಂಥ ಕೇಂದ್ರಗಳ ದ್ರವ ವಿಸರ್ಜನೆಯಲ್ಲಿ ಪ್ರಧಾನವಾದದ್ದು ಜಲಜನಕದ ವಿಕಿರಣಶೀಲ ರೂಪವಾದ ಟ್ರಿಟಿಯಂ. ಟ್ರಿಟಿಯಂ ನೀರಿನ ಅಣುವಿನ ಭಾಗವೇ ಆಗಿರುತ್ತದೆ. ಜೇಡಿಗೆ ಅಂಟುವುದಿಲ್ಲ, ಕೆಸರಿನಲ್ಲಿ ಶೇಖರವಾಗುವುದಿಲ್ಲ, ನೀರಿನೊಡನೆ ಬಂದು ನೀರಿನೊಡನೆ ಹೋಗುತ್ತದೆ. ಅದನ್ನು ಹುಡುಕಬೇಕಾದದ್ದು ಕದ್ರಾ ಜಲಾಶಯದ ನೀರಿನಲ್ಲಿ. ಸೀಸಿಯಂ ಇದೆಯೇ ಎಂದು ನೋಡಬೇಕಾದದ್ದು ಅದೇ ಜಲಾಶಯದ ತಳದಲ್ಲಿ ಮತ್ತು ಕಾರವಾರದ ಅಳಿವೆಯ ಕೆಸರಿನಲ್ಲಿ. ಒಂದನ್ನು ಮಾತ್ರ ಅಳೆದವರು ಇನ್ನೊಂದರ ಬಗ್ಗೆ ಮಾತನಾಡಬಾರದು. ಉಳ್ಳಾಲದ ಕಡಲತೀರದ ಸ್ವಾಭಾವಿಕ ವಿಕಿರಣ ಇದಕ್ಕೆ ತದ್ವಿರುದ್ಧ. ಅಲ್ಲಿ ಥೋರಿಯಂ ಇರುವುದು ಮೋನಜೈಟ್ ಎಂಬ ಭಾರವಾದ ಮರಳಿನಲ್ಲಿ. ಸಾಮಾನ್ಯ ಮರಳಿನ ಸುಮಾರು ಎರಡು ಪಟ್ಟು ಸಾಂದ್ರತೆ ಅದಕ್ಕೆ. ಅಲೆಗಳು ಹಗುರ ಮರಳನ್ನು ಒಯ್ದ ಮೇಲೆ ದಡದಲ್ಲಿ ಉಳಿಯುವುದು ಅದು. ಜೇಡಿ ನಿಲ್ಲುವುದು ನೀರು ಶಾಂತವಾಗಿರುವಲ್ಲಿ, ಮೋನಜೈಟ್ ಗುಡ್ಡೆಯಾಗುವುದು ಅಲೆ ಬಲವಾಗಿರುವಲ್ಲಿ.

ಹೂಳುಲೆಕ್ಕ ಉತ್ತರಿಸಿದ್ದಾರೆ:

ಅಳಿವೆಬಾಗಿಲು ಮೇಡಂ ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನಾನು ಗುಣಾಂಕವನ್ನು ಸ್ಥಿರವೆಂಬಂತೆ ಬಳಸಿದ್ದು ಲೆಕ್ಕದ ಅನುಕೂಲಕ್ಕಾಗಿ. ಬಿಡುವುದು ನಿಂತ ಮೇಲೂ ತಳವೇ ಮೂಲವಾಗುವ ಸೆಲ್ಲಾಫೀಲ್ಡ್ ಕಥೆಗೆ ನದಿಯ ಕಡೆಯಿಂದ ಸಮಾನಾಂತರವಾದದ್ದು ರಷ್ಯಾದ ಟೇಚಾ ನದಿ. ಮಾಯಾಕ್ ಅಣುಕೇಂದ್ರ 1949ರಿಂದ 1956ರವರೆಗೆ ಸುಮಾರು 7.6 ಕೋಟಿ ಘನ ಮೀಟರ್ ದ್ರವ ತ್ಯಾಜ್ಯವನ್ನು ಆ ಚಿಕ್ಕ ನದಿಗೆ ಬಿಟ್ಟಿತು. ಬಿಡುವುದನ್ನು ನಿಲ್ಲಿಸಿ ಎಷ್ಟೋ ದಶಕಗಳಾದ ಮೇಲೂ ನದಿಯ ಮೇಲ್ಭಾಗದ ಅಸಾನೋವ್ ಜೌಗು ಪ್ರದೇಶ ಸ್ಟ್ರಾನ್ಷಿಯಂ ಅನ್ನು ಸೋರಿಸುತ್ತಲೇ ಇತ್ತು, ಸೀಸಿಯಂ ಮಾತ್ರ ಅಲ್ಲಿಯ ಮಣ್ಣಿನಲ್ಲಿಯೇ ಬಹುಮಟ್ಟಿಗೆ ಉಳಿಯಿತು. ಟೇಚಾದ ನೀರು ಇಸೆತ್, ತೋಬೊಲ್, ಇರ್ತಿಶ್, ಓಬ್ ನದಿಗಳ ಮೂಲಕ ಕಾರಾ ಸಮುದ್ರದವರೆಗೆ ಹೋಗುತ್ತದೆ.

ಏರಿಮೇಲಿನವ ಉತ್ತರಿಸಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದಂತೆ ಪ್ರಯೋಗಾಲಯಕ್ಕೆ ಬರೆದಿದ್ದೆ. ಸೀಸಿಯಂ-134 ಅವರ ಉಪಕರಣಕ್ಕೆ ಕಾಣಿಸಿಲ್ಲ ಎಂಬ ಉತ್ತರ ಬಂದಿದೆ. ಅದನ್ನು ಗುಂಪಿಗೆ ಹಾಕಿದ್ದೇನೆ. ಒಬ್ಬರು ಹೆಬ್ಬೆರಳು ತೋರಿಸಿದರು, ಉಳಿದವರು ಕಸದ ಗಾಡಿಯ ಚರ್ಚೆಗೆ ಹೋದರು.

1963ರ ಶಿಖರವನ್ನು ಹುಡುಕಿ ಹೂಳಿನ ವಯಸ್ಸು ತಿಳಿಯಬಹುದೇ ಎಂಬುದು ಈಗ ನನ್ನ ಆಸೆ. ನಮ್ಮ ಮೂಲ ಉದ್ದೇಶವೂ ಅದೇ ಆಗಿತ್ತಲ್ಲ.

ಮಲ್ಲೇಶ್ವರದ ಮೇಷ್ಟ್ರು ಉತ್ತರಿಸಿದ್ದಾರೆ:

ಖಂಡಿತ ಸಾಧ್ಯ, ಪದರಗಳು ಕದಡದೆ ಉಳಿದಿದ್ದರೆ. ಚೀಲದಲ್ಲಿ ತುಂಬಿದ ಕೆಸರಿನಿಂದ ಅದು ಆಗುವುದಿಲ್ಲ; ಪಿವಿಸಿ ಕೊಳವೆಯನ್ನು ನೇರವಾಗಿ ಇಳಿಸಿ ತೆಗೆದು, ಎರಡೆರಡು ಸೆಂಟಿಮೀಟರಿಗೆ ಕತ್ತರಿಸಿ, ಪ್ರತಿ ತುಂಡನ್ನೂ ಬೇರೆಯಾಗಿ ಎಣಿಸಬೇಕು. ನಿಮ್ಮಲ್ಲಿ ಪ್ರಮಾಣ ಬಹಳ ಕಡಿಮೆಯಿರುವುದರಿಂದ ಒಂದೊಂದು ತುಂಡನ್ನೂ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಎಣಿಸಬೇಕಾಗಬಹುದು. ಜೊತೆಗೆ ಸೀಸ-210 ಕೂಡ ಅಳೆಸಿ. ಅದು ನಿಸರ್ಗದಲ್ಲೇ ಇರುವ ವಸ್ತು, ಅರ್ಧಾಯು ಸುಮಾರು 22 ವರ್ಷ. ಎರಡು ಗಡಿಯಾರಗಳು ಒಂದೇ ಹೊತ್ತು ತೋರಿಸಿದರೆ ನಂಬಬಹುದು. ಹೂಳುಲೆಕ್ಕ ಅವರು ಹೇಳಿದ ಕಣದ ಗಾತ್ರವನ್ನು ಮರೆಯಬೇಡಿ.

ಏರಿಮೇಲಿನವ ಉತ್ತರಿಸಿದ್ದಾರೆ:

ಪದರಗಳ ವಿಷಯದಲ್ಲಿ ನಾಚಿಕೆಯಾಗುತ್ತದೆ, ಮೇಷ್ಟ್ರೇ. ಗುತ್ತಿಗೆದಾರರ ಜೆಸಿಬಿ ಕೆರೆಯಂಗಳದ ಮುಕ್ಕಾಲು ಪಾಲನ್ನು ಮಗುಚಿ ಹಾಕಿದೆ, ಅರವತ್ತು ವರ್ಷದ ಮಣ್ಣು ಈಗ ಒಂದೇ ಗುಡ್ಡೆಯಲ್ಲಿದೆ. ಹಳೆಯ ತೂಬಿನ ಪಕ್ಕದಲ್ಲಿ, ಯಂತ್ರ ಇಳಿಯಲಾಗದ ಒಂದು ಮೂಲೆ ಮಾತ್ರ ಹಾಗೆಯೇ ಉಳಿದಿದೆ. ಮುಂಗಾರಿಗೆ ಮೊದಲು ಅಲ್ಲಿಗೆ ಕೊಳವೆ ಇಳಿಸುತ್ತೇವೆ. ಗುಡ್ಡೆಯ ಮೇಲೆ ಹೊದಿಸಲು ಟಾರ್ಪಾಲಿನ್ ತರಲು ಈ ಭಾನುವಾರ ಹೋಗುತ್ತಿದ್ದೇನೆ.